ದಯಮಾಡಿ ಆಯಾರ ತರಬಾರದು

ಇಂದು ಬೆಳಿಗ್ಗೆ ಬಂದ ಒಂದು ಲಗ್ನಪತ್ರಿಕೆಯ ದೆಸೆಯಿಂದ ನನ್ನ ಚಹಾ ಆರಿ ಹೋಯಿತು. ಪತ್ರಿಕೆಯಲ್ಲಿ ಊನವೇನೂ ಇರಲಿಲ್ಲ. ನಾಲ್ಕು ಮೂಲೆಗೂ ಅರಿಷಿಣ ಹಚ್ಚಿತ್ತು, ನೆತ್ತಿಯ ಮೇಲೆ ಗಣಪತಿ ಇದ್ದ, ವರನ ಹೆಸರಿನ ಮುಂದೆ ಅವನು ಪಾಸಾದ ಪರೀಕ್ಷೆಯ ಜೊತೆಗೆ ನಪಾಸಾದ ಪರೀಕ್ಷೆಯೂ ಇತ್ತು. ನನಗೆ ಸಿಟ್ಟು ಬಂದದ್ದು ಎಲ್ಲಕ್ಕಿಂತ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಹೊಂಚುಹಾಕಿ ಕುಳಿತಿದ್ದ ಒಂದು ಸಾಲನ್ನು ಕಂಡು: 'ತಮ್ಮ ಆಶೀರ್ವಾದವೇ ನಮಗೆ ಆಯಾರ.'

ಮದುವೆಯ ಉಡುಗೊರೆಗೆ ನಮ್ಮ ವಿಜಾಪುರದ ಕಡೆ ಆಯಾರ ಎನ್ನುತ್ತೇವೆ. ಸೀರೆ, ಧೋತರ, ಟೋಪಿ, ಟವೆಲು, ಕುಬಸದ ಖಣ, ತಾಮ್ರ ಹಿತ್ತಾಳೆಯ ಭಾಂಡೆ, ಈಗೀಗ ಕಣ್ಣು ಕುಕ್ಕುವ ಸ್ಟೀಲು, ಏನೂ ತೋಚದಿದ್ದರೆ ರೊಕ್ಕ, ಎಲ್ಲವೂ ಆಯಾರವೇ. ಆಶೀರ್ವಾದ ಮಾತ್ರ ಆಯಾರವಲ್ಲ. ಅದಕ್ಕೆ ಅಕ್ಕಿಕಾಳು ಎಂದು ಬೇರೆಯೇ ಹೆಸರಿದೆ, ಬೇರೆಯೇ ಮುಹೂರ್ತವಿದೆ. ಎರಡನ್ನೂ ಕಲಸಿ ಹೀಗೆ ಒಂದು ಸಾಲು ಮಾಡುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ಪತ್ರಿಕೆ ಕಳಿಸಿದವರ ಹಿರಿಯ ಮಗನ ಮದುವೆಗೂ ನಾನು ಹೋಗಿದ್ದೆ. ಆ ಪತ್ರಿಕೆಯಲ್ಲೂ ಇದೇ ಸಾಲು ಇತ್ತು. ಅದನ್ನು ನಂಬಿ ಕೈಬೀಸಿಕೊಂಡು ಬಂದವರನ್ನು ಆ ಮನೆಯ ಯಜಮಾನಿ 'ಬರ್ರಿ, ಬರ್ರಿ' ಎಂದು ಕರೆದದ್ದೇನೋ ಹೌದು, ಆದರೆ ಕಣ್ಣು ಮಾತ್ರ ಬಂದವರ ಮುಖದ ಮೇಲೆ ಇರಲಿಲ್ಲ. ಕೈಚೀಲ ಎಲ್ಲಿದೆ ಎಂದು ಹುಡುಕುತ್ತಿತ್ತು.

ಈ ಸಾಲಿನ ಮೇಲೆ ನನಗೇಕೆ ಇಷ್ಟು ಕೋಪ ಎಂದು ಕೇಳುತ್ತೀರಿ. ನಮ್ಮ ಬಳಗದಲ್ಲಿ ಇಂಥದೊಂದನ್ನು ಮೊಟ್ಟಮೊದಲು ಛಾಪಿಸಿದವಳು ನಾನೇ, ಅದೂ ನನ್ನದೇ ಮದುವೆಯ ಪತ್ರಿಕೆಯಲ್ಲಿ. ಆದರೆ ನಾನು ಬರೆದದ್ದನ್ನು ಬರೆದ ಹಾಗೆಯೇ ನಂಬಿದ್ದೆ. ಈಗಿನವರು ನಂಬದೆ ಬರೆಯುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲಿನಿಂದ ಹೇಳುತ್ತೇನೆ. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಅವ್ವ ಇನ್ನೂ ಬೆರಳು ಮಡಚಿ ಆಣೆಯ ಲೆಕ್ಕದಲ್ಲೇ ಕಾಯಿಪಲ್ಲೆ ಕೊಳ್ಳುತ್ತ ಮಾರುವವಳ ಜೊತೆ ಜಗಳಾಡುತ್ತಿದ್ದ ಕಾಲ. ನನಗೆ ಹನ್ನೆರಡು ವರ್ಷ. ಅಪ್ಪನ ಅಕ್ಕ ಸಿದ್ದವ್ವ, ಎಂದರೆ ನನ್ನ ತಿಕೋಟಾ ಅತ್ತೆ, ತನ್ನ ಹಿರಿಯ ಮಗನ ಮದುವೆ ಇಟ್ಟುಕೊಂಡಳು. ಹೆಣ್ಣುಮಗಳು ಮಗನ ಮದುವೆ ಮಾಡುವಾಗ ಅವಳ ತವರುಮನೆಯಿಂದ ಏನು ಆಯಾರ ಬಂತು ಎಂದು ಇಡೀ ಊರು ಬಾಯಿ ತೆರೆದುಕೊಂಡು ಕಾಯುತ್ತದೆ. ಅತ್ತೆಗೆ ತವರು ಎಂದರೆ ನನ್ನಪ್ಪ ಒಬ್ಬನೇ. ಆ ವರ್ಷವೇ ಅಪ್ಪನಿಗೆ ಹತ್ತಿಯ ಜಿನ್ನಿನಲ್ಲಿದ್ದ ಕೆಲಸ ಹೋಗಿತ್ತು. ಹಾಗಾಗಿ ತವರುಮನೆಯಿಂದ ಸೀರೆ ಹೋಗಲಿಲ್ಲ, ಧೋತರ ಹೋಗಲಿಲ್ಲ, ಭಾಂಡೆಯೂ ಹೋಗಲಿಲ್ಲ. ಗುಳೇದಗುಡ್ಡದ ಒಂದು ಖಣ, ಎಂದರೆ ಒಂದೇ ಒಂದು ರವಿಕೆಯ ಬಟ್ಟೆ, ಹೋಯಿತು. ಆ ಒಂದು ಖಣವನ್ನು ಆರಿಸಲು ಅಪ್ಪ ಅವ್ವ ಇಬ್ಬರೂ ಅಂಗಡಿಯವನ ಗಾದಿಯ ಮೇಲೆ ಮಧ್ಯಾಹ್ನವಿಡೀ ಕೂತಿದ್ದರು. ಅಂಗಡಿಯವನು ಇವರೆಲ್ಲೋ ಇಡೀ ಮದುವೆಯ ಜವಳಿ ತೆಗೆಯಲು ಬಂದವರೆಂದು ಚಹಾ ಬೇರೆ ತರಿಸಿದ್ದ.

ಅಕ್ಕಿಕಾಳು ಬಿದ್ದ ಮೇಲೆ ಆಯಾರ ಕೂಗುವುದು ನಮ್ಮ ಪದ್ಧತಿ. ಹಂದರದ ನಡುವೆ ಕಂಬಳಿ ಹಾಸಿ ಮನೆಯವರನ್ನು ಕೂಡಿಸುತ್ತಾರೆ. ಬಳಗದವರು ಒಬ್ಬೊಬ್ಬರಾಗಿ ಬಂದು ತಮ್ಮ ಆಯಾರ ಕೊಡುತ್ತಾರೆ. ಪಕ್ಕದಲ್ಲಿ ಗಂಟಲು ಗಟ್ಟಿ ಇರುವ ಒಬ್ಬ ಆಸಾಮಿ ನಿಂತು, ಯಾವ ಊರಿನ ಯಾರಿಂದ ಯಾರಿಗೆ ಏನು ಬಂತು ಎಂದು ಕೂಗಿ ಹೇಳುತ್ತಾನೆ. ತಿಕೋಟಾದಲ್ಲಿ ಆ ಕೆಲಸ ನಿಂಗಪ್ಪನದು. ಅಲ್ಲಿಯವರೆಗೆ ಅವನಿಗೆ ದೇವರು ಕೊಟ್ಟ ಗಂಟಲೇ ಸಾಕಾಗಿತ್ತು. ಆ ವರ್ಷ ವಿಜಾಪುರದಿಂದ ಬ್ಯಾಟರಿಯ ಮೇಲೆ ನಡೆಯುವ ಭೋಂಗಾ ತರಿಸಿ ಬೇವಿನ ಗಿಡಕ್ಕೆ ಕಟ್ಟಿದ್ದರು. ತನ್ನ ದನಿ ಆಕಾಶದಿಂದ ತನಗೇ ಕೇಳಿಸಿದ ಕೂಡಲೇ ನಿಂಗಪ್ಪನ ತಲೆ ತಿರುಗಿತು.

"ಕನಮಡಿ ಬೀಗರಿಂದ ಮದುಮಗಗ ಜರತಾರಿ ರುಮಾಲ, ತಾಯಿಗೆ ಇಲಕಲ್ಲ ಸೀರಿ, ಮ್ಯಾಲ ಹನ್ನೊಂದು ರೂಪಾಯಿ!" ಎಂದು ಕೂಗಿ, ರೂಪಾಯಿಯ ಮೇಲೆ ದನಿ ಏರಿಸಿ ಒಂದಿಷ್ಟು ಹೊತ್ತು ಹಾಗೆಯೇ ಹಿಡಿದ. ಆಮೇಲೆ ಅಪ್ಪನ ಸರದಿ ಬಂತು.

"ವಿಜಾಪುರದ ಬಸಪ್ಪನವರಿಂದ, ತವರಮನಿ ಆಯಾರ, ಅಕ್ಕಗ ಒಂದು ಕುಬಸದ ಖಣ!"

ಇಷ್ಟು ಹೇಳಿ ನಿಂಗಪ್ಪ ಕಾದ. ಅಪ್ಪನ ಕೈ ನೋಡಿದ, ಅವ್ವನ ಕೈ ನೋಡಿದ, ನನ್ನ ಕೈಯನ್ನೂ ಬಿಡಲಿಲ್ಲ. ಇನ್ನೇನೂ ಹೊರಬೀಳುವ ಲಕ್ಷಣ ಕಾಣದೆ ಭೋಂಗಾದ ಮೈಕಿಗೆ ಬಾಯಿ ಹಚ್ಚಿ ಹೇಳಿದ:

"ಅಷ್ಟ."

ಇಷ್ಟೇ, ಮುಗಿಯಿತು ಎಂಬ ಅರ್ಥದ ಆ ಒಂದು ಮಾತು ಹಂದರ ದಾಟಿ, ಓಣಿ ದಾಟಿ, ಹೊಲದಲ್ಲಿ ಕಸ ತೆಗೆಯುತ್ತಿದ್ದವರ ಕಿವಿಗೂ ಬಿದ್ದಿರಬೇಕು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪ, ಬಿಗಿಯಾಗಿಯೇ ಇದ್ದ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ನನ್ನ ಮದುವೆ ಆದರೆ, ಅದರಲ್ಲಿ ಆಯಾರವೂ ಇರಕೂಡದು, ಕೂಗುವವನೂ ಇರಕೂಡದು ಎಂದು ನಾನು ಅಲ್ಲಿಯೇ ಹಲ್ಲು ಕಚ್ಚಿದೆ. ಆ ಸಿಟ್ಟಿನಲ್ಲಿ ಹೋಳಿಗೆ ಎಷ್ಟು ತಿಂದೆನೋ ಲೆಕ್ಕವಿಲ್ಲ.

ಕೊಟ್ಟದ್ದನ್ನು ಕೂಗಿ ಹೇಳುವ ಈ ಚಟ ನಮ್ಮ ನಿಂಗಪ್ಪನಿಂದ ಶುರುವಾದದ್ದಲ್ಲ, ಬಿಡಿ. ಮಾಸ್ತರಿಕೆಯ ಟ್ರೇನಿಂಗಿನಲ್ಲಿದ್ದಾಗ ಇತಿಹಾಸ ಕಲಿಸುವವರು ನಮ್ಮನ್ನೆಲ್ಲ ಒಂದು ಹಳೆಯ ಗುಡಿಗೆ ಕರೆದೊಯ್ದು ಶಿಲಾಶಾಸನ ತೋರಿಸಿದ್ದರು. ಯಾವನೋ ಮಾಂಡಲಿಕ ಗುಡಿಯ ದೀಪದ ಎಣ್ಣೆಗೆಂದು ಒಂದಿಷ್ಟು ಹೊಲ ಬಿಟ್ಟುಕೊಟ್ಟಿದ್ದ. ಅದಕ್ಕೆ ಆಳೆತ್ತರದ ಕಲ್ಲು. ಅರ್ಧ ಕಲ್ಲು ಅವನ ಬಿರುದುಗಳಿಗೆ ಹೋಗಿತ್ತು. ಆಮೇಲೆ ಹೊಲದ ನಾಲ್ಕು ಗಡಿ, ಅಳೆದ ಕೋಲಿನ ಹೆಸರು, ಮೇಲೆ ಸಾಕ್ಷಿಗೆ ಸೂರ್ಯ ಚಂದ್ರ, ಕೆಳಗೆ ಇದನ್ನು ಕಸಿದುಕೊಂಡವನು ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪ. ಗೆಳತಿಯರೆಲ್ಲ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಆ ಕಲ್ಲಿನಲ್ಲಿ ನಿಂಗಪ್ಪನ ದನಿ ಕೇಳಿಸಿತು. ಒಂದು ವ್ಯತ್ಯಾಸ ಮಾತ್ರ ಒಪ್ಪಬೇಕು. ಹೊಲದ ಅಳತೆ ಮುಗಿದ ಮೇಲೆ ಆ ಶಾಸನ ಕೊರೆದವನು 'ಅಷ್ಟ' ಎಂದು ಕೊರೆದಿರಲಿಲ್ಲ.

ನಮ್ಮ ಮನೆಯಲ್ಲೂ ಶಾಸನಗಳಿದ್ದವು, ಅಡಿಗೆಮನೆಯಲ್ಲಿ. ಆಯಾರಕ್ಕೆ ಭಾಂಡೆ ಕೊಡುವವರು ಬಜಾರದಲ್ಲಿ ಉಳಿ ಹಿಡಿದು ಕೂಡುವವನ ಹತ್ತಿರ ಅದರ ಮೇಲೆ ಹೆಸರು ಕೊರೆಸಿಯೇ ಕೊಡುತ್ತಾರೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಯಾವ ಭಾಂಡೆ ಯಾರದು ಎಂಬುದು ತಪ್ಪುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ತಂಬಿಗೆ, ಕೊಳಗ, ಪರಾತ ಎಂಬ ಹೆಸರುಗಳೇ ಇರಲಿಲ್ಲ. ಎಲ್ಲರೂ ಬಳಗದವರೇ. "ಇಟ್ಟಂಗಿಹಾಳ ಚಿಗವ್ವ ತಳಾ ಹಿಡದಾಳ, ಲಗೂನ ಇಳಸ" ಎಂದರೆ ನಾನು ಓಡಿಹೋಗಿ ಪಾತ್ರೆ ಇಳಿಸುತ್ತಿದ್ದೆ. ಒಮ್ಮೆ ಅವ್ವನ ತಮ್ಮ, ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಲ್ಲಪ್ಪ ಮಾವ, ಬಿಸಿಲಲ್ಲಿ ಬಂದು ಪಡಸಾಲೆಯಲ್ಲಿ ಕೂತಿದ್ದ. ಅದು ಗೊತ್ತಿಲ್ಲದೆ ಅವ್ವ ಹಿತ್ತಲಿನಿಂದ ಕೂಗಿದಳು: "ಗೌರೀ, ಬಬಲೇಶ್ವರ ಮಾವ ಭಾಳ ಕರ್ರಗಾಗ್ಯಾನ, ಹುಣಸಿಹಣ್ಣ ಹಚ್ಚಿ ತಿಕ್ಕು!" ಮಾವ ಹೆಗಲ ಮೇಲಿನ ಟವೆಲಿನಿಂದ ಮೆಲ್ಲಗೆ ಮುಖ ಒರೆಸಿಕೊಂಡ.

ನನ್ನ ಮದುವೆ ಗೊತ್ತಾದಾಗ ಅಪ್ಪ ಇರಲಿಲ್ಲ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗಿದ್ದೆ, ಪಗಾರ ಬರುತ್ತಿತ್ತು, ಪಗಾರದ ಜೊತೆಗೆ ಮಾತಿಗೂ ಸ್ವಲ್ಪ ತೂಕ ಬಂದಿತ್ತು. ಪತ್ರಿಕೆಯ ಮಜಕೂರು ನಾನೇ ಬರೆದುಕೊಂಡು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಯಜಮಾನರು ಕೊನೆಯ ಸಾಲಿಗೆ ಬಂದವರೇ ಕನ್ನಡಕ ತೆಗೆದರು.

"ಅಕ್ಕೋರ, ಇದನ್ನ ಛಾಪಿಸಬ್ಯಾಡ್ರಿ. ನೀವ ಬರಬ್ಯಾಡ್ರಿ ಅಂದಂಗ ಕೇಳಸ್ತೈತಿ."

ಹಾಗೆಂದು ಒಂದು ಕಟ್ಟು ಹಳೆಯ ಪತ್ರಿಕೆಗಳನ್ನು ನನ್ನ ಮುಂದೆ ಹರವಿದರು. ಒಂದರಲ್ಲಿ 'ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ' ಎಂದಿತ್ತು. ಅದು ಕಚೇರಿಯವರು ಅರ್ಜಿ ವಾಪಸು ಕಳಿಸಿದ ಹಾಗೆ ಕಾಣಿಸಿತು. ಇನ್ನೊಂದರಲ್ಲಿ ಆಶೀರ್ವಾದದ ಆ ಸಾಲು. ಯಜಮಾನರಿಗೆ ಅದೇ ಪಸಂದು.

"ಇದನ್ನ ಹಾಕ್ರಿ. ಯಾರಿಗೂ ತ್ರಾಸ ಇಲ್ಲ. ಕೊಡಾವ್ರು ಕೊಡತಾರ, ಬಿಡಾವ್ರು ಬಿಡತಾರ, ನಿಮ್ಮ ದೊಡ್ಡಸ್ತಿಕಿನೂ ಉಳೀತೈತಿ."

ನನ್ನ ಪಿತ್ತ ನೆತ್ತಿಗೇರಿತು. ಬೇಡವೆಂದರೆ ಬೇಡವೆಂದು ಬರೆಯಬೇಕು. ಬೇಡ ಎಂದು ಬಾಯಲ್ಲಿ ಹೇಳಿ ಕೈ ಚಾಚುವುದಾದರೆ ಇಡೀ ಪಟ್ಟಿಯನ್ನೇ ಛಾಪಿಸಲಿ, ಇಂಥವರು ಸೀರೆ ತರತಕ್ಕದ್ದು, ಇಂಥವರು ಪರಾತ ತರತಕ್ಕದ್ದು ಎಂದು. ಕೊನೆಪಕ್ಷ ಓದುವವನಿಗೆ ದಾರಿ ತಿಳಿಯುತ್ತದೆ. ನಾನು ಹಟ ಹಿಡಿದು ನನ್ನ ಸಾಲನ್ನೇ ಹಾಕಿಸಿದೆ: 'ದಯಮಾಡಿ ಯಾರೂ ಆಯಾರ ತರಬಾರದು.' ಪ್ರೂಫು ಬಂದಾಗ ಅದು ಬಸ್ಸಿನ ನಿಲ್ದಾಣದಲ್ಲಿ 'ಇಲ್ಲಿ ಉಗುಳಬಾರದು' ಎಂದು ಬರೆದ ಫಲಕದ ತಮ್ಮನಂತೆ ಕಂಡದ್ದು ಸುಳ್ಳಲ್ಲ. ಆದರೂ ನಾನು ಸೋಲಲಿಲ್ಲ. ಅವ್ವ ಮಾತ್ರ ಪತ್ರಿಕೆಯನ್ನು ಓದಿಸಿ ಕೇಳಿ ಒಂದೇ ಮಾತು ಹೇಳಿದಳು, "ಎಲ್ಲಾರಿಗೂ ಕಳಸು. ತಿಕೋಟಾಕ್ಕ ಇದನ್ನ ಕಳಸಬ್ಯಾಡ. ನಾನs ಹೋಗಿ ಬಾಯಿಲೆ ಹೇಳಿ ಬರ್ತೀನಿ." ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಲು ನಾನೇನು ಪ್ರೆಸ್ಸಿನ ಯಜಮಾನರೇ? ತಿಕೋಟಾಕ್ಕೂ ಅದೇ ಪತ್ರಿಕೆ ಹೋಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಇಷ್ಟು ಸರಳವಾದ ನಾಲ್ಕು ಪದಗಳನ್ನು ಇಷ್ಟು ಬಗೆಯಾಗಿ ಓದಬಹುದೆಂದು ಸಾಲೆಯಲ್ಲಿ ಕನ್ನಡ ಕಲಿಸುವ ನನಗೇ ಗೊತ್ತಿರಲಿಲ್ಲ. ಇಟ್ಟಂಗಿಹಾಳದವರು 'ಹುಡುಗಿ ಪಗಾರ ತರತಾಳ, ಸೊಕ್ಕು' ಎಂದರು. ಕನಮಡಿಯವರು 'ಇವತ್ತ ತಗೊಂಡ್ರ ನಾಳೆ ಹೊಳ್ಳಿ ಕೊಡಬೇಕಲ್ಲ, ಅದಕ್ಕ ಬಾಗಲಾ ಹಾಕ್ಯಾರ' ಎಂದರು. ಬಬಲೇಶ್ವರದ ಮಾವ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಅರ್ಥ ಬಿಡಿಸಿ ಹೇಳಿದನಂತೆ: "ಭಾಂಡೆ ಅರಬಿ ತರಬಾರದು ಅಂತ. ರೊಕ್ಕಾ ತರಬಾರದು ಅಂತ ಎಲ್ಲೈತಿ? ಓದಿದ ಮಂದಿ, ಸೂಕ್ಷ್ಮ ಬರೀತಾರ." ಬೇಡವೆಂದರೂ ಬೇಕೆಂದು ಓದುವ ಈ ಮಹಾನುಭಾವರು, ಬೇಕೆಂದು ಬರೆದಿದ್ದರೆ ಏನೆಂದು ಓದುತ್ತಿದ್ದರೋ ಶಿವನೇ ಬಲ್ಲ.

ಮದುವೆಯ ದಿನ ಭೋಂಗಾ ಇರಲಿಲ್ಲ, ಕೂಗುವವನೂ ಇರಲಿಲ್ಲ. ಅಕ್ಕಿಕಾಳು ಬಿತ್ತು, ಮುಗಿಯಿತು, ಗೆದ್ದೆ ಎಂದುಕೊಂಡೆ. ಆಮೇಲೆ ಶುರುವಾಯಿತು ಕಳ್ಳಸಂತೆ. ಒಬ್ಬಳು ಬಳೆ ನೋಡುವ ನೆಪದಲ್ಲಿ ಕೈ ಹಿಡಿದು ಅಂಗೈಯಲ್ಲಿ ನೋಟು ಒತ್ತಿದಳು: "ಇದು ಆಯಾರಲ್ಲವ್ವಾ, ಬಳಿಗೆ." ಮಾವ ಇಲಕಲ್ಲ ಸೀರೆಯನ್ನು ಮಡಿಲಿಗೆ ಹಾಕಿ, "ಇದು ಆಯಾರಲ್ಲ, ಅಂಗಡ್ಯಾಗ ಉಳದಿತ್ತು" ಎಂದ. ಕಿರಾಣಿ ಅಂಗಡಿಯಲ್ಲಿ ಇಲಕಲ್ಲ ಸೀರೆ ಹೇಗೆ ಉಳಿಯಿತೆಂದು ಕೇಳಲು ಅವನು ಆಸ್ಪದ ಕೊಡಲಿಲ್ಲ. ನಮ್ಮವರ ಕೋಟಿನ ಕಿಸೆಗೆ ಯಾರು ಯಾರು ಏನೇನು ತುರುಕಿದರೋ, ಸಂಜೆಗೆ ಕೋಟು ಒಂದು ಕಡೆ ವಾಲಿತ್ತು. ಬೆಳಕಿನಲ್ಲಿ ಕೂಗಿ ಕೊಡುತ್ತಿದ್ದದ್ದನ್ನು ಎಲ್ಲರೂ ಕತ್ತಲೆಯಲ್ಲಿ ಕದ್ದು ಕೊಡುವ ಹಾಗೆ ಮಾಡಿದ್ದೇ ನನ್ನ ಸುಧಾರಣೆಯ ಫಲ. ನಾನು ಬೇಡ ಬೇಡವೆಂದು ಕೈ ಹಿಂದಕ್ಕೆ ಎಳೆದಷ್ಟೂ ಅವರಿಗೆ ಹುರುಪು.

ಪತ್ರಿಕೆಯ ಮಾತನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ, ತಿಕೋಟಾ ಅತ್ತೆ. ಅಪ್ಪನ ಕಡೆಯಿಂದ ಉಳಿದಿದ್ದ ಒಂದೇ ಜೀವ ಅವಳು. ಬಂದಳು, ಅಕ್ಕಿಕಾಳು ಹಾಕಿದಳು, ನನ್ನ ನೆತ್ತಿಯ ಮೇಲೆ ಕೈಯಿಟ್ಟು ನೆಟಿಕೆ ಮುರಿದಳು. ಪಂಕ್ತಿ ಕೂತಾಗ ನೋಡಿದರೆ ಹಂದರದ ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಾಳೆ.

"ಊಟಕ್ಕ ಏಳ ಅತ್ತಿ."

"ಆಯಾರ ಮಾಡದ ಮನ್ಯಾಗ ನಾ ಉಣ್ಣಂಗಿಲ್ಲ."

"ನಾವs ಬ್ಯಾಡ ಅಂದೇವಿ ಅಲ್ಲ ಬೇ."

"ನೀ ಬ್ಯಾಡ ಅಂದಿ, ನಾ ತಂದಿಲ್ಲ. ಕೊಡದs ಉಂಡ್ರ ಅದಕ್ಕ ಊಟ ಅನ್ನೂದಿಲ್ಲ, ಭಿಕ್ಷಾ ಅಂತಾರ. ನಾ ನಿಮ್ಮಪ್ಪನ ಅಕ್ಕ ಅದೇನಿ. ಭಿಕ್ಷಾದಾಕಿ ಅಲ್ಲ."

ಅವ್ವ ಕೈ ಹಿಡಿದಳು, ಮಾವ ಸಮಾಧಾನ ಹೇಳಿದ, ನಾನು ಬಾಸಿಂಗ ಕಟ್ಟಿಕೊಂಡೇ ಕಣ್ಣೀರು ಹಾಕಿದೆ. ಅವಳು ಒಂದು ತಂಬಿಗೆ ನೀರನ್ನೂ ಮುಟ್ಟದೆ ಮಧ್ಯಾಹ್ನದ ಬಸ್ಸಿಗೆ ತಿಕೋಟಾಕ್ಕೆ ಹೋದಳು. ಅಪ್ಪನ ಮನೆಯವರು ಯಾರೂ ನನ್ನ ಮದುವೆಯಲ್ಲಿ ಉಣ್ಣಲಿಲ್ಲ ಎಂಬ ಮಾತು ಅಂದಿನಿಂದ ನನ್ನ ಎದೆಯಲ್ಲಿ ಕೂತುಬಿಟ್ಟಿತು. ದುಃಖ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಇವಳ ಹಂದರದಲ್ಲಿ ನನ್ನಪ್ಪ ಅನುಭವಿಸಿದ ಅಪಮಾನ ಇನ್ನಾರಿಗೂ ಆಗದಿರಲಿ ಎಂದು ನಾನು ಇಷ್ಟೆಲ್ಲ ಮಾಡಿದರೆ, ಮುನಿಸು ಇವಳದೇ!

ಗುಮ್ಮಟದ ಹಿಂದಿನ ಓಣಿಯಲ್ಲಿ ನಾವು ಸಂಸಾರ ಹೂಡಿದೆವು. ಭಾಂಡೆಗಳನ್ನೆಲ್ಲ ನನ್ನ ಪಗಾರದಲ್ಲೇ ಕೊಂಡೆ. ಒಂದರ ಮೇಲೂ ಯಾರ ಹೆಸರೂ ಇಲ್ಲ. ಆಗ ಗೊತ್ತಾಯಿತು, ಹೆಸರಿಲ್ಲದ ಭಾಂಡೆಯನ್ನು ಕರೆಯುವುದು ಹೇಗೆಂದು ನಾನು ಕಲಿತೇ ಇಲ್ಲವೆಂದು. "ಆ ಡಬರಿ ಕೊಡ್ರಿ." "ಯಾವುದು?" "ಅದs, ಅದರ ಬಾಜೂಕಿಂದು." ನಮ್ಮವರು ಒಂದೊಂದನ್ನೇ ಎತ್ತಿ ತೋರಿಸುವುದರೊಳಗೆ ಒಗ್ಗರಣೆ ಸೀದುಹೋಗುತ್ತಿತ್ತು. ಅಡಿಗೆಮನೆಯ ತುಂಬ ಭಾಂಡೆ, ಆದರೆ ಒಬ್ಬರೂ ಮನೆಯವರಲ್ಲ. ಜಳಕಕ್ಕೆ ಮಾತ್ರ ಹಂಡೆ ಇರಲಿಲ್ಲ. ಹಂಡೆ ಕೊಡುವುದು ನಮ್ಮಲ್ಲಿ ಸೋದರತ್ತೆಯ ಹಕ್ಕು. ಕೊಳ್ಳಲೆಂದು ಬಜಾರಕ್ಕೆ ಹೋಗುವುದು, ಮುಟ್ಟಿ ನೋಡುವುದು, ಸುಮ್ಮನೆ ಬಂದುಬಿಡುವುದು. ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ನೀರು ಕಾಸುತ್ತಿದ್ದೆವು. ನಮ್ಮವರು ಜಳಕ ಮಾಡಿ ಕಚೇರಿಗೆ ಹೋದರೆ ಪಕ್ಕದ ಮೇಜಿನವರು ಬೀಡಿ ಹಚ್ಚಲು ಹೆದರುತ್ತಿದ್ದರಂತೆ.

ಅತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಂತೆಗೆಂದು ವಿಜಾಪುರಕ್ಕೆ ಬಂದರೂ ಅವ್ವನ ಮನೆಗೆ ಹೋಗಿ ಹಾಗೆಯೇ ತಿರುಗುತ್ತಿದ್ದಳು. ಒಮ್ಮೆ ಬಬಲೇಶ್ವರದ ಮಾವ ಬಂದಾಗ ಡಬ್ಬಿಯನ್ನು ನೋಡಿ ತಲೆ ಅಲ್ಲಾಡಿಸಿದ. "ಅಲ್ಲಿ ತಿಕೋಟಾದಾಗ ನಿನ್ನ ಹಂಡೆ ಬೋರಲ ಬಿದ್ದೈತಿ, ನೀ ಇಲ್ಲಿ ಡಬ್ಬ್ಯಾಗ ಕಾಸಾಕತ್ತಿ." ಮದುವೆ ಗೊತ್ತಾದ ವಾರದಲ್ಲೇ ಅತ್ತೆ ಹಂಡೆ ತಂದಿಟ್ಟಿದ್ದಳಂತೆ, ನನ್ನ ಪತ್ರಿಕೆ ಮುಟ್ಟುವ ಮೊದಲೇ. ಅವ್ವನಿಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು, ಬಹುಶಃ ಪ್ರೆಸ್ಸಿನವರಿಗೂ ಗೊತ್ತಿದ್ದಿರಬೇಕು. ನನಗೆ ಮಾತ್ರ ಯಾರೂ ಹೇಳಿರಲಿಲ್ಲ! ಮರುದಿನ ರವಿವಾರ. ಜಗಳಕ್ಕೆಂದೇ ಇಸ್ತ್ರಿಯ ಸೀರೆ ಉಟ್ಟು ತಿಕೋಟಾದ ಬಸ್ಸು ಹತ್ತಿದೆ.

ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಚ್ಚಲಿನ ಕಡೆ ಕಣ್ಣು ಹಾಯಿಸಿದರೆ, ಒಲೆಯ ಮೇಲೆ ನೆಗ್ಗಿಹೋದ ಹಳೆಯ ಹಂಡೆ. ಮೂಲೆಯಲ್ಲಿ, ಒಮ್ಮೆಯೂ ಬೆಂಕಿ ಕಾಣದ ಹೊಸ ತಾಮ್ರದ ಹಂಡೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೋರಲು ಹಾಕಿದ್ದು.

"ಹೊಸಾದು ಇಟಗೊಂಡು ಹಳೇದ್ರಾಗ ಯಾಕ ಕಾಸ್ತೀ?" ಎಂದೆ.

"ಅದು ನಂದಲ್ಲ."

"ಮತ್ಯಾರದು?"

"ಅಕ್ಕೋರಗ ಓದಾಕ ಬರೂದಿಲ್ಲೇನು?"

ಓದಿದೆ. ಹಂಡೆಯ ಕೊರಳ ಸುತ್ತ ಕೊರೆದಿತ್ತು: ಚಿ. ಸೌ. ಗೌರವ್ವಳಿಗೆ ಸೋದರತ್ತೆ ಸಿದ್ದವ್ವನಿಂದ, ತಿಕೋಟಾ.

"ನಿನ್ನ ಹೆಸರು ಕೊರಿಸಿಬಿಟ್ಟೇನಿ. ಮಾರಾಕ ಬರಂಗಿಲ್ಲ, ಮತ್ತೊಬ್ರಿಗೆ ಕೊಡಾಕೂ ಬರಂಗಿಲ್ಲ. ನಿನ್ನ ಹಂಡೇದಾಗ ನಾ ಹೆಂಗ ಜಳಕಾ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಒಳಗಿಟ್ಟುಕೊಂಡದ್ದೆಲ್ಲ ಅವಳ ಮೊರದ ಮೇಲೆ ಸುರಿದೆ. "ನಿನ್ನ ಹಂದರದಾಗs ನಮ್ಮಪ್ಪಗ ಭೋಂಗಾ ಹಚ್ಚಿ 'ಅಷ್ಟ' ಅಂದ್ರು. ಮಂದಿ ನಕ್ಕರು. ನೀ ಅಲ್ಲೇ ಕೂತಿದ್ದಿ. ಬಾಯಿ ತಗೀಲಿಲ್ಲ. ಆಯಾರ ಅಂದ್ರ ಇವತ್ತಿಗೂ ನನಗ ಆ ಮಾತs ಕೇಳಸ್ತೈತಿ!"

ಅತ್ತೆಯ ಕೈ ಬೇಳೆಯಲ್ಲಿ ನಿಂತಿತು. ಆಮೇಲೆ ಹೇಳಿದಳು:

"ಅಷ್ಟ ಅಂದಾವ ನಿಂಗಪ್ಪ. ತಗೊಂಡಾಕಿ ನಾನು. ಆ ರಾತ್ರಿನs ಕೂತು ಆ ಖಣದ ಕುಬಸ ಹೊಲದೆ. ಮರುದಿನ ಸೊಸಿನ್ನ ಮನಿ ತುಂಬಿಸಿಕೊಳ್ಳುವಾಗ ನನ್ನ ಮೈಮ್ಯಾಲ ಇದ್ದದ್ದು ನಿಮ್ಮಪ್ಪನ ಖಣ. ಕನಮಡಿಯವ್ರ ಇಲಕಲ್ಲ ಸೀರಿ ಟ್ರಂಕಿನ್ಯಾಗ ಇತ್ತು. ಇಡೀ ಊರು ನೋಡಿತು. ನಿಮ್ಮಪ್ಪ ನೋಡಿ ರುಮಾಲದ ತುದೀಲೆ ಕಣ್ಣ ಒರಸ್ಕೊಂಡ. ನೀ ಎಲ್ಲಿದ್ದಿ? ಹೋಳಿಗಿ ಬುಟ್ಟಿ ಹಂತೇಲಿ ಇದ್ದಿ."

ಇದನ್ನು ಅಪ್ಪ ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಎಷ್ಟು ಹೊತ್ತು ಅಳುತ್ತಿದ್ದೆನೋ, ಅವಳು ತನ್ನ ಬೇಳೆ ಮುಗಿಸಿ ಮೊರ ಬಡಿದು ಇಟ್ಟಳು.

ಇನ್ನು ಹಂಡೆ ಕೇಳಬೇಕಾಗಿತ್ತು. ಬೇಡವೆಂದು ಬರೆಯಲು ನಾಲ್ಕು ಪದ ಸಾಕಾಗಿದ್ದ ನನಗೆ, ಬೇಕೆಂದು ಹೇಳಲು ಒಂದು ಪದ ಸಿಗಲಿಲ್ಲ. ಮಕ್ಕಳಿಗೆ ವಿನಂತಿಪತ್ರ ಬರೆಯುವುದನ್ನು ಕಲಿಸುವವಳು ನಾನು. ತಲೆಬರಹ ಎಲ್ಲಿ, ಒಕ್ಕಣೆ ಎಲ್ಲಿ, ಎಲ್ಲ ಗೊತ್ತು. ಅಲ್ಲಿ ಮಾತ್ರ ಸೆರಗು ತಿರುವುತ್ತ, "ಹಂಗಾದ್ರ ಅತ್ತಿ… ನನ್ನ ಹಂಡೆ ಕೊಡಬೇ" ಎಂದೆ.

"ಕೊಡತೀನಿ. ಆದರ ಕೂಗಬೇಕು."

"ಅತ್ತೀ!"

"ಮತ್ತ? ಕೂಗದs ಕೊಟ್ರ, ನೀ ಹೊತಗೊಂಡು ಹೋಗೂದು ನೋಡಿದ ಮಂದಿ, ಸಿದ್ದವ್ವ ಹಂಡೆ ಮಾರಿದಳು ಅಂತಾರ. ನಿಂಗಪ್ಪನ ಗಂಟಲಾ ಬಿದ್ದೈತಿ, ಈಗ ಕೂಗೂದಿಲ್ಲ. ನೀನs ಕೂಗು. ಸಾಲ್ಯಾಗ ದಿನಾ ಕೂಗತೀಯಲ್ಲ."

ಹೀಗೆ, ಆಯಾರದ ಕೂಗನ್ನು ನಿಲ್ಲಿಸಹೊರಟಿದ್ದ ನಾನು, ಇಸ್ತ್ರಿಯ ಸೀರೆಯಲ್ಲಿ ತಿಕೋಟಾದ ಕಟ್ಟೆಯ ಮೇಲೆ ನಿಂತು, ಹಿಂದಿನ ಬೆಂಚಿನ ಹುಡುಗಿಯರನ್ನು ಗದರಿಸುವ ದನಿಯಲ್ಲಿ ಕೂಗಿದೆ:

"ತಿಕೋಟಾದ ಸಿದ್ದವ್ವನವರಿಂದ, ತಮ್ಮ ಬಸಪ್ಪನ ಮಗಳು ಗೌರವ್ವಗ, ಒಂದು ತಾಮ್ರದ ಹಂಡೆ!"

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಎದುರು ಮನೆಯ ಮುದುಕ ಕಿವಿಯ ಹಿಂದೆ ಕೈ ಹಿಡಿದು, "ಮತ್ತೇನ ಕೊಟ್ಟಾಳ?" ಎಂದು ಕೇಳಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ನನ್ನ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ಹೇಳಿದಳು:

"ಅಷ್ಟ!"

ಮುದುಕ ಒಪ್ಪಿ ತಲೆದೂಗಿದ. ಯಾರೂ ನಗಲಿಲ್ಲ.

ಸಂಜೆಯ ಬಸ್ಸಿಗೆ ಹಂಡೆಯ ಜೊತೆ ಅತ್ತೆಯೂ ಬಂದಳು. ಕಂಡಕ್ಟರು ಹಂಡೆಗೆ ಬೇರೆ ಚೀಟಿ ಹರಿಯಬೇಕೆಂದಾಗ, "ಆಯಾರಕ್ಕ ಎಂಥಾ ಚೀಟಿ?" ಎಂದು ಅವನ ಬಾಯಿ ಮುಚ್ಚಿಸಿದಳು. ಆ ರಾತ್ರಿ ನಮ್ಮ ಮನೆಯಲ್ಲಿ ಕೂತು ಉಂಡಳು. ಕೊಟ್ಟಿದ್ದಾಳಲ್ಲ, ಯಾವ ಸಂಕೋಚವೂ ಇಲ್ಲದೆ ತುಪ್ಪ ಕಡಿಮೆಯಾಗಿದೆ ಎಂದು ಬೈದು ಹಾಕಿಸಿಕೊಂಡಳು. ಅಂದಿನಿಂದ ನಮ್ಮ ಮನೆಯಲ್ಲೂ ಬೆಳಿಗ್ಗೆ, "ತಿಕೋಟಾ ಅತ್ತಿ ಕುದಿಯಾಕತ್ತಾಳ, ಲಗೂನ ಏಳ್ರಿ" ಎಂಬ ಮಾತು ಕೇಳಿಸುತ್ತದೆ. ನಮ್ಮವರು ಹೆದರಿ ಏಳುತ್ತಾರೆ.

ಹಾಗೆಂದು ನನ್ನ ಸಿಟ್ಟೇನೂ ಇಳಿದಿಲ್ಲ. ಭೋಂಗಾ ಈಗಲೂ ನನ್ನ ವೈರಿಯೇ. ಕೊಟ್ಟವನ ಕೈ ನೋಡಿ ಇನ್ನೇನು ಎಂದು ಕಾಯುವವರು ಈಗಲೂ ನನ್ನ ವೈರಿಗಳೇ. ಅವರ ಜೊತೆಗೆ, ಬೇಡವೆನ್ನುತ್ತ ಕೈಚೀಲ ಹುಡುಕುವವರನ್ನೂ ಸೇರಿಸಿದ್ದೇನೆ. ಬೇಕಿದ್ದರೆ ಬೇಕೆನ್ನಲಿ. ಕೊಡುವುದು ಖಣವಾದರೆ ಖಣವೆಂದೇ ಕೂಗಲಿ, ಆಮೇಲೆ ಸುಮ್ಮನಾಗಲಿ. 'ಅಷ್ಟ' ಎನ್ನುವ ಹಕ್ಕು ಕೊಟ್ಟವರದು, ಕೂಗುವವನದಲ್ಲ.

ಇಷ್ಟು ಬರೆಯುವುದರೊಳಗೆ ನಮ್ಮವರು ಪತ್ರಿಕೆಯನ್ನು ಓದಿ ಮುಗಿಸಿದ್ದಾರೆ. "ಆಶೀರ್ವಾದನs ಸಾಕು ಅಂತ ಬರದಾರಲ್ಲ, ಈ ಸಲ ಖರ್ಚು ಉಳೀತು ಬಿಡು" ಎಂದು ಮುಖ ಅರಳಿಸಿಕೊಂಡು ಹೇಳುತ್ತಿದ್ದಾರೆ. ಉಳಿಯುವುದಿಲ್ಲ. ಮಧ್ಯಾಹ್ನ ಬಜಾರಕ್ಕೆ ಹೋಗಿ ಒಂದು ಹಿತ್ತಾಳೆಯ ತಂಬಿಗೆ ಕೊಂಡು, ನನ್ನ ಹೆಸರನ್ನೂ ಮದುಮಗಳ ಹೆಸರನ್ನೂ ಕೊರೆಸಿಕೊಂಡು ಬರುತ್ತೇನೆ. ಮದುವೆಯ ದಿನ ಅದನ್ನು ಹಂದರದ ನಡುವೆ ನಿಂತು, ಎಲ್ಲರೂ ನೋಡುವ ಹಾಗೆ ಕೊಡುತ್ತೇನೆ. ಭೋಂಗಾ ಬೇಡ, ಬರಿ ಬಾಯಲ್ಲಿ ಒಮ್ಮೆ ಕೂಗಿ ಹೇಳಿದರೆ ಸಾಕು. ಕೂಗದಿದ್ದರೆ ನಾನು ಉಣ್ಣುವುದಿಲ್ಲ.